ಹದ್ದಿಗೆ ಹುಣಸೆಹುಳಿ

ಆಯುಧಪೂಜೆಯ ದಿನ ಕುಸುಮಾವತಿ ಹದ್ದನ್ನು ತೊಳೆದಳು.

ಹದ್ದು ಅಂದರೆ ಹಾರುವ ಹದ್ದಲ್ಲ, ಕಂಚಿನದು. ದಕ್ಷಿಣ ಕೆರೊಲಿನಾದ ವೇಡ್ಸ್‌ಫರ್ಡ್ ಎಂಬ ಪುಟ್ಟ ಊರಿನ ಅಂಚೆ ಕಚೇರಿಯ ಮುಂದಿನ ಹಜಾರದಲ್ಲಿ, ಪೋಸ್ಟ್‌ಮಾಸ್ಟರ್ ಕೋಣೆಯ ಬಾಗಿಲ ನೆತ್ತಿಯಲ್ಲಿ ರೆಕ್ಕೆ ಬಿಚ್ಚಿ ಕೂತಿತ್ತು. ಮೂವತ್ತರ ದಶಕದಲ್ಲಿ ದೇಶವೇ ಕೆಲಸವಿಲ್ಲದೆ ಕೈಕಟ್ಟಿ ಕೂತಿದ್ದಾಗ, ಜನಕ್ಕೆ ಕೂಲಿಯಾದರೂ ಸಿಗಲಿ ಎಂದು ಸರ್ಕಾರ ಇಂಥ ಅಂಚೆ ಕಚೇರಿಗಳನ್ನು ಊರೂರಲ್ಲಿ ಕಟ್ಟಿಸಿತ್ತಂತೆ. ಹೊರಗೆ ಕೆಂಪು ಇಟ್ಟಿಗೆ, ಒಳಗೆ ಅಮೃತಶಿಲೆಯ ನೆಲ, ಒಂದು ಗೋಡೆ ತುಂಬ ಹತ್ತಿ ಬಿಡಿಸುವವರ ಚಿತ್ರ. ಆ ನೆಲ ಒರೆಸುವ ಗುತ್ತಿಗೆ ಕುಸುಮಾವತಿಯದು.

ಗಂಡ ಯತೀಶನಿಗೆ ಷಾರ್ಲಟ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ. ಅವನ ವೀಸಾದ ಬಾಲ ಹಿಡಿದು ಬಂದ ಇವಳಿಗೆ ದುಡಿಯುವ ಹಕ್ಕಿರಲಿಲ್ಲ. ವರ್ಷಗಟ್ಟಲೆ ಫ್ರಿಜ್ಜಿನ ಜೊತೆ ಮಾತಾಡಿಕೊಂಡು ಮನೆಯಲ್ಲಿದ್ದಳು. ಗ್ರೀನ್ ಕಾರ್ಡ್ ಬಂದ ಮೇಲೆ ಸಿಕ್ಕ ಮೊದಲ ಕೆಲಸ ಇದು. "ಎಂ.ಕಾಂ. ಮಾಡಿ ನೆಲ ಒರೆಸ್ತೀಯಾ?" ಎಂದು ಕಾರ್ಕಳದಿಂದ ಅಕ್ಕ ಫೋನಿನಲ್ಲಿ ಚುಚ್ಚಿದ್ದಳು. ಕುಸುಮಾವತಿಗೆ ಬೇಕಾಗಿದ್ದದ್ದು ಬೇರೆಯೇ. ಬೆಳಿಗ್ಗೆ ಬಾಗಿಲು ತಳ್ಳಿದರೆ "ಮಾರ್ನಿಂಗ್, ಮಿಸ್ ಕುಸುಮ್" ಎನ್ನುವವರು ಹತ್ತಾರು ಜನ. ಮೊಣಕಾಲು ನೋವಿನವರು, ಮೊಮ್ಮಕ್ಕಳ ಫೋಟೋದವರು, ಸುಮ್ಮನೆ ಹರಟಲು ಬರುವವರು. ಅವರೆಲ್ಲರ ದನಿ ಕಿವಿಯಲ್ಲಿ ತುಂಬಿಕೊಂಡು ಮನೆಗೆ ಹೋದರೆ ಇಡೀ ಸಂಜೆ ಸಾಕಾಗುತ್ತಿತ್ತು.

ಅವತ್ತು ಶನಿವಾರ, ೨೦೦೭ರ ನವರಾತ್ರಿ. ಸೋಮವಾರ ವಾಷಿಂಗ್ಟನ್ನಿನಿಂದ ಒಬ್ಬರು ಬರುವವರಿದ್ದರು. ಹಳೆಯ ಅಂಚೆ ಕಚೇರಿಗಳ ಚಿತ್ರ, ಶಿಲ್ಪ ಎಲ್ಲ ಹೇಗಿವೆ ಎಂದು ನೋಡಿ ಬರೆದುಕೊಂಡು ಹೋಗುವ ಹೆಂಗಸು. "ಅವರು ಹೋಗಲಿ, ಆಮೇಲೆ ನಿನ್ನ ಗುತ್ತಿಗೆಯ ಕಾಗದಕ್ಕೆ ಮುಂದಿನ ವರ್ಷದ ಸಹಿ ಹಾಕ್ತೀನಿ, ಹನಿ. ಸ್ವಲ್ಪ ಚೆನ್ನಾಗಿ ಒರೆಸು," ಎಂದಿದ್ದರು, ಮಾತಿಗೊಮ್ಮೆ ಅಕ್ಕರೆಯಿಂದ 'ಹನಿ' ಅನ್ನುವ ಪೋಸ್ಟ್‌ಮಾಸ್ಟರ್ ಲೊರೆಟಾ.

ಮನೆಗೆ ಅತಿಥಿ ಬಂದ ಹಾಗೆ, ಮೇಲೆ ಆಯುಧಪೂಜೆ. ಕುಸುಮಾವತಿಯ ಅಪ್ಪ ದೂಮಪ್ಪ ಬಸ್ ಡ್ರೈವರ್. ಈ ದಿನ ಬಸ್ಸನ್ನು ಮದುಮಗಳ ಹಾಗೆ ತೊಳೆದು ಹೂ ಮುಡಿಸದೆ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಇವಳಿಗೆ ಆಯುಧ ಅಂದರೆ ಈ ಕಟ್ಟಡವೇ. ಮಧ್ಯಾಹ್ನ ಕೌಂಟರ್ ಮುಚ್ಚಿ ಲೊರೆಟಾ ಹೊರಟ ಮೇಲೆ, ಮಾಪು, ಬಕೆಟ್ಟು, ಪೊರಕೆಗೆಲ್ಲ ಕುಂಕುಮ ಇಟ್ಟಳು. ತಲೆ ಎತ್ತಿದರೆ ಹದ್ದು. ಕಪ್ಪು ಕಂದು ಬಣ್ಣಕ್ಕೆ ತಿರುಗಿ, ವರ್ಷಾನುಗಟ್ಟಲೆ ಹುಳಿ ಕಾಣದ ದೇವರಮನೆಯ ದೀಪದ ಹಾಗಿತ್ತು. ಪಾಪ, ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲವೇ?

ಏಣಿ ಹಾಕಿದಳು. ಮನೆಯಿಂದ ತಂದ ಹುಣಸೆಹುಳಿಗೆ ಉಪ್ಪು ಕಲಸಿ ಬಳಿದಳು, ಬಿಟ್ಟಳು, ತಿಕ್ಕಿದಳು. ಕಂದು ಬಣ್ಣ ಹರಿದು ಕೆಳಗಿಳಿದಂತೆ ಕೊಕ್ಕು ಹೊಳೆಯಿತು, ಕತ್ತು ಹೊಳೆಯಿತು, ಒಂದೊಂದೇ ಗರಿ ಎದ್ದಿತು. ಸಂಜೆಯ ಬಿಸಿಲು ಕಿಟಕಿಯಿಂದ ಬಿದ್ದಾಗ ಇಡೀ ಗೋಡೆಗೆ ದೀಪ ಹಚ್ಚಿದ ಹಾಗಾಯಿತು. ಅವಳು ಖುಷಿಯಲ್ಲಿ ಏಣಿ ಇಳಿದು, ದೂರ ನಿಂತು ಮತ್ತೊಮ್ಮೆ ನೋಡಿದಳು.

ಮನೆಗೆ ಬಂದು ಅದೇ ಖುಷಿಯಲ್ಲಿ ಹೇಳಿದಳು. ಒಂಬತ್ತನೇ ಕ್ಲಾಸಿನ ಮಗಳು ಅಕ್ಷಯಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು.

"ಅಮ್ಮಾ, ಯು ಸ್ಕ್ರಬ್ಡ್ ಇಟ್? ಹುಣಸೆ ಹಾಕಿ?"

"ಮತ್ತೆಂತ, ಸೋಪು ಹಾಕಿದ್ರೆ ಹೋಗ್ತದಾ?"

"ಓ ಮೈ ಗಾಡ್." ಅವಳು ಏನೇನೋ ಟೈಪ್ ಮಾಡಿ ಪರದೆಯನ್ನು ಅಮ್ಮನ ಕಡೆ ತಿರುಗಿಸಿದಳು. "ಅದು ಡರ್ಟ್ ಅಲ್ಲ ಅಮ್ಮ. ಆ ಬ್ರೌನ್ ಇದೆ ಅಲ್ಲ, ಅದು ಆರ್ಟಿಸ್ಟೇ ಮಾಡಿದ್ದು. ಬೆಂಕಿ, ಕೆಮಿಕಲ್ ಎಲ್ಲ ಹಾಕಿ. ಇಟ್ಸ್ ಲೈಕ್... ಪೇಂಟಿಂಗ್ ಇಂದ ಪೇಂಟ್ ತೆಗೆದ ಹಾಗೆ."

ಕುಸುಮಾವತಿ ಓದಿದಳು. ಇನ್ನೊಮ್ಮೆ ಓದಿದಳು. ಕೈಗೆ ಅಂಟಿದ್ದ ಹುಣಸೆಯ ವಾಸನೆ ತಟ್ಟನೆ ಮೂಗಿಗೆ ಅಡರಿತು.

"ನಿನಗೆ ಎಂತ ಮಾರಾಯ್ತಿ," ಎಂದ ಯತೀಶ. "ಅವರು ನೆಲ ಒರೆಸ್ಲಿಕ್ಕೆ ಹೇಳಿದ್ದು, ಹದ್ದಿಗೆ ಅಭಿಷೇಕ ಮಾಡ್ಲಿಕ್ಕಲ್ಲ!" ಅವಳ ಮುಖ ನೋಡಿ ನಗು ನುಂಗಿದ. "ಈಗ ಸುಮ್ಮನಿರು. ಅಷ್ಟು ಮೇಲೆ ಯಾರು ನೋಡ್ತಾರೆ?"

"ಆ ವಾಷಿಂಗ್ಟನ್ನಿನವರು ಬರೋದೇ ಅದನ್ನು ನೋಡ್ಲಿಕ್ಕೆ ಮಾರ್ರೆ!"

ಅಂಚೆ ಕಚೇರಿಯ ಬಾಗಿಲಲ್ಲಿ ಒಂದು ಫಲಕವಿತ್ತು: ಸರ್ಕಾರಿ ಆಸ್ತಿಗೆ ಹಾನಿ ಮಾಡುವುದು ಅಪರಾಧ. ದಿನಾ ಅದರ ಧೂಳು ಒರೆಸುವವಳು ಇವಳೇ. ಆ ಅಕ್ಷರಗಳು ಅನ್ನದ ತಟ್ಟೆಯ ಮುಂದೆಯೂ ಬಂದು ನಿಂತವು. ಕೆಲಸ ಹೋಗುತ್ತದೆ. ಸಹಿ ಬೀಳುವುದಿಲ್ಲ. ಮತ್ತೆ ಅದೇ ಮನೆ, ಅದೇ ಫ್ರಿಜ್ಜು.

ಭಾನುವಾರ ವಿಜಯದಶಮಿ. ಕನ್ನಡ ಸಂಘದವರ ಊಟಕ್ಕೆ ಗಂಡ, ಮಗಳನ್ನು ಕಳಿಸಿ, ತಲೆನೋವು ಎಂದು ಉಳಿದಳು. ಅವರ ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ಯತೀಶನ ಕಂದು ಬೂಟ್ ಪಾಲಿಶ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಟಪಾಲಿಗೆಂದು ಅಲ್ಲೇ ಬಾಡಿಗೆಗೆ ಪತ್ರದ ಪೆಟ್ಟಿಗೆ ಇಟ್ಟುಕೊಂಡವರಿಗಾಗಿ ಅಂಚೆ ಕಚೇರಿಯ ಮುಂದಿನ ಹಜಾರ ಭಾನುವಾರವೂ ತೆರೆದಿರುತ್ತಿತ್ತು. ಏಣಿ ಹತ್ತಿ ಎಡ ರೆಕ್ಕೆಗೆ ಪಾಲಿಶ್ ಹಚ್ಚಿದಳು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ತಿಕ್ಕಿದಷ್ಟೂ ಗರಿಗಳ ಸಂದಿನಲ್ಲಿ ಗಂಟುಗಂಟಾಗಿ ನಿಂತಿತು. ಹಿಂದೆ ಬಾಗಿ ನೋಡಿದರೆ ಹದ್ದು ಕೆಸರಿನಲ್ಲಿ ಹೊರಳಿ ಬಂದ ಕೋಳಿಯ ಹಾಗಿತ್ತು.

"ಮಿಸ್ ಕುಸುಮ್?"

ಡಬ್ಬಿ ಕೈಜಾರಿ ಅಮೃತಶಿಲೆಯ ಮೇಲೆ ಠಣ್ಣೆಂದಿತು. ಕೆಳಗೆ ಮಿಸ್ಟರ್ ಎಲ್‌ರಾಯ್ ನಿಂತಿದ್ದರು. ಚರ್ಚಿನಿಂದ ಬಂದ ಕರಿಯ ಸೂಟು, ಕೈಯಲ್ಲಿ ಹ್ಯಾಟು. ಭಾನುವಾರ ಟಪಾಲು ಬರುವುದಿಲ್ಲ ಎಂದು ಗೊತ್ತಿದ್ದೂ ಪೆಟ್ಟಿಗೆ ತೆರೆದು ನೋಡಿ ಹೋಗುವ ಮುದುಕರು. ಈ ಕಟ್ಟಡ ಏಳುವಾಗ ಗಾರೆ ಹೊತ್ತವರಲ್ಲಿ ತನ್ನಪ್ಪನೂ ಒಬ್ಬ ಎಂದು ಎಷ್ಟೋ ಸಲ ಹೇಳಿದ್ದರು.

ಅವರು ಕತ್ತೆತ್ತಿ ಹದ್ದನ್ನು ನೋಡಿದರು.

"ಯಾರು ಮಾಡಿದ್ದು ಇದನ್ನ?"

ಹುಡುಗರು ಯಾರೋ ಇರಬೇಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಊರಲ್ಲಿ ಹುಡುಗರ ಮೇಲೆ ಹಾಕಿದರೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ಏಣಿಯ ಮೇಲೆ ನಿಂತಿರುವವಳು ತಾನು.

"ನಾನೇ ಸರ್. ಕೊಳೆ ಅಂದುಕೊಂಡೆ. ನಮ್ಮಲ್ಲಿ ಹಬ್ಬಕ್ಕೆ ಹೀಗೆ ತೊಳೀತೀವಿ."

"ಚೆನ್ನಾಗಿತ್ತಲ್ಲಮ್ಮಾ ಅದು," ಎಂದರು ಎಲ್‌ರಾಯ್. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. "ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದ. ಆಗಲೂ ಕಂದು ಬಣ್ಣವೇ. ಚಿಕ್ಕವನಿದ್ದಾಗಿನಿಂದ ನೋಡಿದ್ದೀನಿ."

"ಈಗೇನು ಮಾಡಲಿ?"

"ಮೊದಲು ಇಳಿ. ಲೊರೆಟಾಗೆ ಇವತ್ತೇ ಹೇಳು. ನಾಳೆ ಆ ಹೆಂಗಸಿನ ಪಕ್ಕದಲ್ಲಿ ನಿಂತು ಮೊದಲ ಸಲ ಇದನ್ನ ನೋಡೋ ಹಾಗೆ ಮಾಡಬೇಡ." ಪೆಟ್ಟಿಗೆ ತೆರೆಯದೆಯೇ ಹ್ಯಾಟು ಹಾಕಿಕೊಂಡು ಹೊರಟುಹೋದರು.

ಲೊರೆಟಾಗೆ ಫೋನ್ ಮಾಡುವಾಗ ಇಂಗ್ಲಿಷೇ ಮರೆತುಹೋಯಿತು. ಆ ಕಡೆಯಿಂದ ಟಿ.ವಿ.ಯ ಫುಟ್‌ಬಾಲ್ ಗದ್ದಲ ಕೇಳುತ್ತಿತ್ತು. ಎಲ್ಲ ಕೇಳಿ ಲೊರೆಟಾ ಅಂದದ್ದು ಒಂದೇ ಮಾತು: "ನಾಳೆ ಬೇಗ ಬಾ." 'ಹನಿ' ಅನ್ನಲಿಲ್ಲ. ಆ ರಾತ್ರಿ ಕುಸುಮಾವತಿಗೆ ಕೇಳಿದ್ದೆಲ್ಲ ಆ ಇಲ್ಲದ ಒಂದು ಪದವೇ.

ಸೋಮವಾರ ಕೌಂಟರ್ ತೆರೆಯುವ ಮೊದಲೇ ಬಂದ ವಾಷಿಂಗ್ಟನ್ನಿನ ಹೆಂಗಸು, ಮಾರ್ಗಟ್, ತೆಳ್ಳಗೆ ಬೆಳ್ಳಗೆ ಇದ್ದಳು. ಏಣಿ ಹತ್ತಿ, ಸಣ್ಣ ಟಾರ್ಚ್ ಹಿಡಿದು, ಗರಿ ಗರಿ ನೋಡಿದಳು. ಕೆಳಗೆ ನಿಂತ ಕುಸುಮಾವತಿ ಆ ಬೂಟಿನ ಹಿಮ್ಮಡಿಯನ್ನೇ ನೋಡುತ್ತಿದ್ದಳು.

"ಏನು ಹಚ್ಚಿದ್ರಿ?"

"ಟ್ಯಾಮರಿಂಡ್. ಉಪ್ಪು."

"ಎಷ್ಟು ಹೊತ್ತು ಬಿಟ್ಟಿರಿ? ತೊಳೆದ ನೀರು ಎಂಥದ್ದು? ಸಂದಿಗೆ ಬ್ರಷ್ ಹಾಕಿದ್ರಾ? ಈ ಕಂದು ಏನಿದು?"

ಒಂದೊಂದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೂಟ್ ಪಾಲಿಶ್ ಅಂದಾಗ ಲೊರೆಟಾ ಕಣ್ಣು ಮುಚ್ಚಿಕೊಂಡರು.

ಮಾರ್ಗಟ್ ಇಳಿದು ಬಂದಳು. "ಹೋದ ಬಣ್ಣ ಹೋಯಿತು. ಕೈ ಪಳಗಿದವರು ಬಂದು ಹೊಸದಾಗಿ ಕೂರಿಸಬಹುದು, ಅದೇ ಬಣ್ಣ ಬರುತ್ತೆ ಅಂತ ಮಾತು ಕೊಡಲ್ಲ. ಹುಳಿ, ಉಪ್ಪು ಇನ್ನೂ ಸಂದಿನಲ್ಲಿದೆ. ಹಾಗೇ ಬಿಟ್ಟಿದ್ದರೆ ಲೋಹವನ್ನೇ ತಿಂದಿರೋದು. ಏನು ಹಚ್ಚಿದ್ದು ಅಂತ ಗೊತ್ತಾಯ್ತಲ್ಲ, ಈಗಲೇ ತೊಳೀತೀನಿ." ಆಮೇಲೆ ಲೊರೆಟಾ ಕಡೆ ತಿರುಗಿದಳು. "ಸ್ವಚ್ಛತೆಯ ಕೆಲಸದವರಿಗೆ ಇದನ್ನ ಮುಟ್ಟಬಾರದು ಅಂತ ಯಾವಾಗ ಹೇಳಿದ್ರಿ? ವರದಿಗೆ ಬೇಕು."

ಲೊರೆಟಾ ಕುತ್ತಿಗೆ ಕೆಂಪಾಯಿತು. "ಹೇಳಿಲ್ಲ. ನನಗೂ ಗೊತ್ತಿರಲಿಲ್ಲ," ಎಂದರು. ಮಾರ್ಗಟ್ ಅದನ್ನೂ ಬರೆದುಕೊಂಡಳು.

ಅವಳು ಹದ್ದನ್ನು ತೊಳೆದು ಹೋದ ಮೇಲೆ ಲೊರೆಟಾ ಕೋಣೆಯಿಂದ ಗುತ್ತಿಗೆಯ ಕಾಗದ ತಂದು ಕೌಂಟರಿನ ಮೇಲಿಟ್ಟರು. ಲೊರೆಟಾ ಪೆನ್ನು ತೆಗೆದು ತನ್ನ ಸಹಿಗಿಂತ ಮೊದಲು ಕೆಳಗೆ ಒಂದು ಸಾಲು ಸೇರಿಸಿದರು: ಕೈಗೆ ಎಟುಕುವುದಕ್ಕಿಂತ ಮೇಲಿರುವ ಯಾವುದನ್ನೂ ಮುಟ್ಟತಕ್ಕದ್ದಲ್ಲ.

"ಏಣಿ ಇನ್ಮೇಲೆ ನನ್ನ ಕೋಣೆಯಲ್ಲಿ, ಬೀಗ ಹಾಕಿ," ಎಂದರು. "ಮತ್ತೆ ಕೇಳು. ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ಕೇಳ್ತಾರೆ. ನಾನು ಉತ್ತರ ಹೇಳ್ತಾ ಕೂರಲ್ಲ. ನಿನ್ನ ಕಡೆ ಕೈ ತೋರಿಸ್ತೀನಿ."

ಕುಸುಮಾವತಿ ಸಹಿ ಮಾಡಿದಳು.

ಕೌಂಟರ್ ತೆರೆದದ್ದೇ ಮೊದಲು ಬಂದದ್ದು ಹೂವಿನಂಗಡಿಯ ಹೆಂಗಸು. ಪಾರ್ಸೆಲ್ ತೂಕಕ್ಕಿಟ್ಟು, ತಲೆ ಎತ್ತಿ, ಬಾಯಿ ತೆರೆದು ನಿಂತಳು. "ಲೊರೆಟಾ! ನಮ್ಮ ಹದ್ದಿಗೆ ಏನಾಯ್ತು?"

ಲೊರೆಟಾ ಗದ್ದ ಎತ್ತಿ ಹಜಾರದ ಕಡೆ ತೋರಿಸಿದರು. ಕುಸುಮಾವತಿ ಮಾಪನ್ನು ಬಕೆಟ್ಟಿಗೆ ಒರಗಿಸಿ, ಕೈ ಒರೆಸಿಕೊಂಡು ಹತ್ತಿರ ಬಂದಳು.

"ನಾನು ತೊಳೆದೆ, ಮ್ಯಾಮ್," ಎಂದಳು. "ಹೇಗಾಯ್ತು ಅಂತ ಹೇಳ್ತೀನಿ."