ಬಾರದ ಪ್ರವಾಹಕ್ಕೆ ಸಾಕ್ಷಿ

ನಾನು ಕೆಂಪರಾಜು. ಮಳವಳ್ಳಿ ಕಡೆಯ ಒಂದು ಸಣ್ಣ ಅಣೆಕಟ್ಟೆಯಲ್ಲಿ ಗೇಟು ನೋಡಿಕೊಳ್ಳುವ ಕೆಲಸ, ಇಪ್ಪತ್ತೆರಡು ವರ್ಷದಿಂದ. ನನಗೆ ಕೋಪ ಬೇಗ ಬರುತ್ತದೆ ಎನ್ನುತ್ತಾರೆ. ನೀರು ಅದಕ್ಕಿಂತ ಬೇಗ ಬರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಈ ಸಲ ಶ್ರಾವಣ ಹುಟ್ಟುವ ಮೊದಲೇ ಕಟ್ಟೆ ಪೂರ್ತಿ ಮೂವತ್ತೆಂಟು ಅಡಿ ತುಂಬಿತು. ತುಂಬಿದ ಮೇಲೆ ಶಾಸಕರು ಬಂದು ಬಾಗಿನ ಬಿಡಬೇಕಲ್ಲ. ಸೋಮವಾರ ಹನ್ನೊಂದು ಗಂಟೆಗೆ ಮುಹೂರ್ತ. ಎಂಜಿನಿಯರ್ ಜಯಪ್ರಕಾಶ್ ಶುಕ್ರವಾರವೇ ಬಂದು ಮೆಟ್ಟಿಲು ನೋಡಿದರು.

"ನೀರು ಈ ಮೇಲಿನ ಮೆಟ್ಟಿಲಲ್ಲೇ ಇರಬೇಕು. ಸಾಹೇಬರು ಸ್ವಲ್ಪ ಬಗ್ಗಿದರೆ ಸಾಕು, ಮೊರ ತೇಲಬೇಕು. ಅಲ್ಲೀವರೆಗೂ ಗೇಟು ಮುಟ್ಟಬೇಡ್ರಿ."

ಭಾನುವಾರ ಬೆಳಿಗ್ಗೆ ಮೇಲಿನ ಕೆರೆಯ ನೀರುಗಂಟಿ ಮರಿಸಿದ್ದಯ್ಯ ಫೋನ್ ಮಾಡಿದ.

"ಲೇ ಕೆಂಪ, ನಮ್ಮ ಕೆರೆ ಕೋಡಿ ಬಿತ್ತು ಕಣ್ಲಾ. ಒಂದಡಿ ಮ್ಯಾಲೆ ಓಯ್ತಾ ಅದೆ. ಮಳೆ ನಿಂತಿಲ್ಲ. ನಾಳೆ ಮದ್ಯಾನಕ್ಕೆ ನಿನ್ ತಾವ್ಕೆ ಬತ್ತದೆ."

ತುಂಬಿದ ಕಟ್ಟೆಗೆ ಅಷ್ಟು ನೀರು ನುಗ್ಗಿದರೆ ಮೂರು ಗೇಟನ್ನೂ ಒಟ್ಟಿಗೆ ಎತ್ತಬೇಕು. ಎತ್ತಿದರೆ ಕೆಳಗಿನ ತಗ್ಗಿನಕೊಪ್ಪಲು ಹೊಳೆಯ ಪಾಲು. ಅಲ್ಲಿ ನಲವತ್ತು ಮನೆ. ಹೊಳೆಗೆ ಮೊದಲನೆಯದು ನನ್ನ ಅಕ್ಕ ದೇವಿರಮ್ಮನದು. ಮೊದಲೇ ಒಂದು ಗೇಟು ಎತ್ತಿ ಜಾಗ ಮಾಡಿಟ್ಟರೆ ಏನೂ ಆಗುವುದಿಲ್ಲ. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಓದಿದವರಿಗೆ ಫೋನ್ ಮಾಡಿದೆ.

"ಬಾಗಿನ ಆಗಲಿ ಸುಮ್ನಿರ್ರಿ," ಎಂದರು ಜಯಪ್ರಕಾಶ್.

"ಸಾ, ಬಾಗಿನ ಆಗೋಗಂಟ ನೀರು ಕಾಯ್ತದಾ?"

"ಖಾಲಿ ಕಟ್ಟೆಗೆ ಬಾಗಿನ ಬಿಡಿಸ್ತೀರೇನ್ರಿ?"

ಫೋನ್ ಇಟ್ಟರು. ನಾನು ಸೈರನ್ ಕೂಗಿಸಿ ಒಂದು ಗೇಟು ಎತ್ತಿದೆ. ಆ ಹಗಲು, ಆ ರಾತ್ರಿ ಪೂರ್ತಿ ನೀರು ಅಳತೆಯಲ್ಲಿ ಹೋಯಿತು.

ಸೋಮವಾರ ಹನ್ನೊಂದಕ್ಕೆ ಕಟ್ಟೆ ಮೂರಡಿ ಇಳಿದಿತ್ತು. ಆರು ಮೆಟ್ಟಿಲು ಬರಿ ಪಾಚಿ. ಶಾಸಕರು ರೇಷ್ಮೆ ಪಂಚೆ ಎತ್ತಿ ಹಿಡಿದು ಇಳಿದರು. ನಾಲ್ಕು ಮೆಟ್ಟಿಲು ಕಾಲಲ್ಲಿ ಇಳಿದರು, ಮಿಕ್ಕಿದ್ದನ್ನು ಕೂತುಕೊಂಡೇ ಇಳಿದರು. ಮೊರ ಕೆಸರಿಗೆ ಬಿತ್ತು. ಬಳೆ, ಬಿಚ್ಚೋಲೆ, ಅರಿಶಿನದ ಕೊಂಬು ಎಲ್ಲ ಚೆಲ್ಲಾಪಿಲ್ಲಿ. ಜಯಪ್ರಕಾಶ್ ನನ್ನ ಕಡೆ ನೋಡಿದ ನೋಟಕ್ಕೆ ಹಸಿ ಕಬ್ಬೂ ಹತ್ತಿಕೊಳ್ಳುತ್ತಿತ್ತು.

ಕಾರುಗಳು ಹೋದ ಒಂದು ಗಂಟೆಗೆ ಕೆಂಪು ನೀರು ಬಂತು. ಮರದ ಬೊಡ್ಡೆ, ಯಾರದೋ ತೆಪ್ಪ, ಸತ್ತ ಕುರಿ ಎಲ್ಲ ಹೊತ್ತುಕೊಂಡು ಬಂತು. ನಾನು ಮಾಡಿಟ್ಟ ಜಾಗದಲ್ಲಿ ಬಂದು ಕೂತಿತು. ಸಂಜೆಗೆ ಮತ್ತೆ ಮೂವತ್ತೆಂಟು ಅಡಿ. ತಗ್ಗಿನಕೊಪ್ಪಲಿನಲ್ಲಿ ಬಟ್ಟೆ ಒಗೆಯುವ ಕಲ್ಲು ಮುಳುಗಿತು, ಅಷ್ಟೇ.

ಮಾರನೇ ದಿನ ಪತ್ರಿಕೆಯಲ್ಲಿ ಬಂತು: ಶಾಸಕರು ಬಾಗಿನ ಅರ್ಪಿಸಿದ ಸಂಜೆಯೇ ಜಲಾಶಯ ಭರ್ತಿ. ಗಂಗಮ್ಮ ಒಲಿದಳಂತೆ.

ಬುಧವಾರ ತಗ್ಗಿನಕೊಪ್ಪಲಿನವರು ಖಾಲಿ ಕೊಡ ಹಿಡಿದು ಕಟ್ಟೆಯ ಮೇಲೆ ಕೂತರು. ನೀರು ಪೋಲು ಮಾಡಿದವನಿಗೆ ಧಿಕ್ಕಾರವಂತೆ. ಮುಂದೆ ನನ್ನ ಅಕ್ಕ.

"ಅಕ್ಕಾ, ನೀನೂವಾ?"

"ಇನ್ನೇನ್ಲಾ? ನೀನು ಕೂಗಿಸ್ದೆ ಅಂತ ಎಮ್ಮೆ, ಕರ, ರಾಗಿ ಮೂಟೆ ಎಲ್ಲಾ ದಿಬ್ಬಕ್ಕೆ ಒತ್ತಾಕುದ್ವಿ. ಎರಡು ದಿನ ಮಳೇಲಿ ನೆಂದ್ವಿ. ಒಂದು ತೊಟ್ಟು ನೀರು ಒಸ್ತಿಲು ಮುಟ್ಟಲಿಲ್ಲ ಕಣ್ಲಾ!"

"ಮುಟ್ಟದೆ ಇರ್ಲಿ ಅಂತ್ಲೇ ಬುಟ್ಟಿದ್ದು!"

"ಮುಟ್ಟದೆ ಇರೋ ನೀರ್ಗೆ ಯಾಕ್ಲಾ ಕೂಗುಸ್ದೆ? ಆ ನೀರಿದ್ರೆ ಬೇಸಗೆ ಬೆಳೆಗಾದ್ರೂ ಆಗ್ತಿತ್ತು."

"ಕಟ್ಟೆ ಈಗ್ಲೂ ತುಂಬೇ ಅದಲ್ಲಕ್ಕಾ, ಕಣ್ಣಿಲ್ವಾ ನಿಂಗೆ?"

"ಅದು ಬಾಗಿನದ ನೀರು. ನೀನು ಬುಟ್ಟಿದ್ದು ಎಲ್ಲದೆ ತೋರ್ಸು!"

ಜನ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಸೇರಿ ಒಂದು ದೂರು ಬರೆದು, ರುಜು ಹಾಕಿ, ಜಯಪ್ರಕಾಶ್ ಕೈಗೆ ಕೊಟ್ಟರು.

ಹತ್ತು ದಿನಕ್ಕೆ ಮಂಡ್ಯದಲ್ಲಿ ವಿಚಾರಣೆ. ದೊಡ್ಡ ಅಧಿಕಾರಿ ಕಡತ ತಿರುವುತ್ತಾ ಕೇಳಿದರು.

"ಪ್ರವಾಹ ಬಂತೇನ್ರಿ?"

"ಇಲ್ಲ ಸಾ."

"ಬಾರದ ಪ್ರವಾಹಕ್ಕೆ ಗೇಟು ಯಾಕೆ ತೆಗೆದ್ರಿ?"

"ತೆಗೆದಿದ್ಕೇ ಬರಲಿಲ್ಲ ಸಾ."

"ತೆಗೆಯದಿದ್ದರೆ ನಲವತ್ತು ಮನೆ ಹೋಗ್ತಿತ್ತು ಅನ್ನೋದಕ್ಕೆ ಸಾಕ್ಷಿ ಏನು? ಒಂದು ಗೋಡೆಯಾದರೂ ಬಿದ್ದಿದೆಯಾ? ಬರವಣಿಗೆಯಲ್ಲಿ ಕೊಡಿ."

ನನ್ನ ಮುಂದೆ ಮೇಜಿನ ಮೇಲೆ ಆ ದೂರು ಬಿದ್ದಿತ್ತು. ಎಣಿಸಿದೆ. ನಲವತ್ತು ಮನೆಗೆ ನಲವತ್ತು ರುಜು. ಮೊದಲ ಹೆಬ್ಬೆಟ್ಟು ಅಕ್ಕನದು, ದಪ್ಪಗೆ, ಕೋಪದಿಂದ ಒತ್ತಿದ್ದಳು. ಒಂದು ಮನೆಯೂ ತಪ್ಪಿರಲಿಲ್ಲ.

ಬಿಳಿ ಹಾಳೆ ತೆಗೆದುಕೊಂಡು ಒಂದೇ ಸಾಲು ಬರೆದೆ: "ಸಾಕ್ಷಿಗೆ ಈ ದೂರನ್ನೇ ಲಗತ್ತಿಸಿದೆ, ರುಜು ಹಾಕಿದವರೆಲ್ಲ ಬದುಕಿದ್ದಾರೆ."

ಅಧಿಕಾರಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: "ಸಮಜಾಯಿಷಿ ತೃಪ್ತಿಕರವಾಗಿಲ್ಲ."