ಹರಿವಿನಲ್ಲಿ ನಿಂತ ಚಿಪ್ಪು

ಪ್ರಯೋಗಾಲಯದಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷದ ಸರ್ವೀಸು. ಜೀವಕೋಶ ಬೆಳೆಸುವುದರಲ್ಲಿ ಅವಳದು ಎತ್ತಿದ ಕೈ. ಹೆರಿಗೆ ಆಸ್ಪತ್ರೆಯಿಂದ, ತಾಯಂದಿರು ಒಪ್ಪಿ ಕೊಟ್ಟ ಹೊಕ್ಕುಳಬಳ್ಳಿಗಳು ಐಸ್ ಡಬ್ಬಿಯಲ್ಲಿ ಬರುತ್ತಿದ್ದವು. ಅವುಗಳೊಳಗಿನ ರಕ್ತನಾಳವನ್ನು ತೊಳೆದು, ಒಳಗೋಡೆಗೆ ಒಂದೇ ಪದರವಾಗಿ ಹಾಸಿಕೊಂಡ ಕೋಶಗಳನ್ನು ಮೆಲ್ಲಗೆ ಬಿಡಿಸಿ, ಗುಲಾಬಿ ಬಣ್ಣದ ದ್ರವ ತುಂಬಿದ ತಟ್ಟೆಯಲ್ಲಿ ಬೆಳೆಸಬೇಕು. ಬೇರೆಯವರ ಕೈಯಲ್ಲಿ ಮೂರೇ ದಿನಕ್ಕೆ ಮುನಿಸಿಕೊಂಡು ಸಾಯುವ ಕೋಶಗಳು ಅವಳ ಕೈಯಲ್ಲಿ ಹಠ ಬಿಟ್ಟು ಬೆಳೆಯುತ್ತಿದ್ದವು.

ಅವಳು ಈ ಕೆಲಸ ಹಿಡಿದದ್ದಕ್ಕೆ ಕಾರಣ ಅವಳ ತಮ್ಮ. ಅವನಿಗೊಂದು ಕ್ಷೌರದಂಗಡಿ. ತಾಯಿಯ ಕಡೆಯಿಂದ ಬಂದ ಕಾಯಿಲೆ ಅಕ್ಕನನ್ನು ಬಿಟ್ಟು ಅವನನ್ನು ಹಿಡಿದಿತ್ತು. ರಕ್ತನಾಳದ ಗೋಡೆ ಕಟ್ಟುವ ಒಂದು ಜೀನ್ ಅವನ ಮೈಯಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತಿತ್ತು. ಮೂಗಿನೊಳಗಿನ ನಾಳಗಳು ಹಳೇ ಬಟ್ಟೆಯಂತೆ ಪಿಸಿದುಹೋಗಿ, ಸೀನಿದರೆ ರಕ್ತ, ಬಗ್ಗಿದರೆ ರಕ್ತ. ಗಿರಾಕಿಯ ಗಡ್ಡಕ್ಕೆ ಸೋಪು ಹಚ್ಚುವಾಗಲೇ ಮೂಗು ಸೋರಲು ಶುರುವಾದರೆ, "ಹೆದರಬೇಡಿ ಯಜಮಾನ್ರೇ, ನಿಮ್ಮನ್ನ ಕೊಯ್ದಿಲ್ಲ, ಇದು ನಂದೇ ಸ್ವಂತ ರಕ್ತ" ಎಂದು ನಗಿಸಿ ಹಿಂದಿನ ಕೋಣೆಗೆ ಓಡುತ್ತಿದ್ದ. ಬಣ್ಣ ಬಿಳಿಚಿದ ಮುಖದಲ್ಲಿ ಆ ನಗು ನೋಡಿದರೆ ಅಕ್ಕನಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆಗೆ ಬೆನ್ನ ಹಿಂದೆ 'ಇನ್ನೊಮ್ಮೆ ಮೇಡಂ' ಎಂಬ ಹೆಸರಿತ್ತು. ಎಷ್ಟೇ ಚೆನ್ನಾಗಿ ಬಂದ ಫಲಿತಾಂಶ ತೋರಿಸಿದರೂ "ಚೆನ್ನಾಗಿದೆ, ಇನ್ನೊಮ್ಮೆ ಮಾಡೋಣ" ಎನ್ನುವ ಹೆಂಗಸು. ಒಂಬತ್ತು ವರ್ಷದಿಂದ ಆಕೆಯ ತಲೆಯಲ್ಲಿದ್ದದ್ದು ಒಂದೇ ವಿಷಯ. ವೈರಸ್ಸಿಗೆ ಕೋಶದ ಬಾಗಿಲು ತೆರೆಯುವ ವಿದ್ಯೆ ಹುಟ್ಟಿನಿಂದಲೇ ಗೊತ್ತು. ಅದರೊಳಗಿನ ಸ್ವಂತ ಸರಕನ್ನು ತೆಗೆದುಹಾಕಿ, ಬರೀ ಚಿಪ್ಪಿನೊಳಗೆ ಸರಿಯಾದ ಜೀನ್ ತುಂಬಿ ಕಳಿಸಿದರೆ, ಅದು ರೋಗದ ಬದಲು ಮದ್ದು ಹೊತ್ತು ಹೋಗುತ್ತದೆ. ತೊಡಕಿರುವುದು ವಿಳಾಸದಲ್ಲಿ. ರಕ್ತಕ್ಕೆ ಬಿಟ್ಟ ಚಿಪ್ಪುಗಳಲ್ಲಿ ಬಹುಪಾಲನ್ನು ಲಿವರ್ ಬಾಚಿಕೊಳ್ಳುತ್ತದೆ. ರಕ್ತನಾಳದ ಗೋಡೆಗೆ ಸಿಗುವುದು ಅರೆಕಾಸಿನ ಮಜ್ಜಿಗೆ.

ಮೇಡಂ ಇನ್ನೂರು ಬಗೆಯ ಚಿಪ್ಪು ಮಾಡಿಸಿ, ಅಕ್ಕನ ತಟ್ಟೆಗಳಲ್ಲಿ ಪರೀಕ್ಷಿಸಿದ್ದರು. ಚಿಪ್ಪು ಒಳಹೊಕ್ಕರೆ ಕೋಶ ಹಸಿರಾಗಿ ಹೊಳೆಯುವ ಏರ್ಪಾಡಿತ್ತು. ಒಂದು ಚಿಪ್ಪು ಎಲ್ಲವನ್ನೂ ಹಿಂದೆ ಹಾಕಿತು. ಎಲ್ಲರೂ ಅದಕ್ಕೆ 'ಪಟ್ಟದರಾಣಿ' ಎಂದು ಹೆಸರಿಟ್ಟರು. ಅದನ್ನು ತಿದ್ದಿ ತೀಡುವುದರಲ್ಲಿ ನಾಲ್ಕು ವರ್ಷ ಹೋಯಿತು. ಆದರೆ ತಟ್ಟೆಯಲ್ಲಿ ಮೆರೆದ ಪಟ್ಟದರಾಣಿ ಇಲಿಯ ಮೈಗೆ ಹೋದೊಡನೆ ಸಪ್ಪಗಾಗುತ್ತಿತ್ತು. ಮೂರು ಸಲ ಮಾಡಿದರೂ ಲಿವರ್ ಹಸಿರು, ನಾಳಗಳು ಕತ್ತಲು.

ಅಂಥ ಒಂದು ದಿನ, ಕೆಲಸದವರ ಮನೆಯವರಿಗೆ ಪ್ರಯೋಗಾಲಯ ನೋಡಲು ಬಿಡುತ್ತಿದ್ದ ಮಧ್ಯಾಹ್ನ, ತಮ್ಮ ಬಂದ. ಅಕ್ಕ ಅವನ ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಹಚ್ಚಿದಳು. ಅವನು ಬಹಳ ಹೊತ್ತು ನೋಡಿದ.

"ನೆಲಕ್ಕೆ ಕಲ್ಲು ಹಾಸಿದ ಹಾಗಿದೆ. ಇದೇನಾ ರಕ್ತನಾಳದ ಒಳಗಿರೋದು?"

"ಹೂಂ ಕಣೋ."

"ಮತ್ತೆ ಇಲ್ಲಿ ಏನೂ ಹರೀತಾನೇ ಇಲ್ವಲ್ಲ ಅಕ್ಕ. ನನ್ನ ಒಳಗೆ ರಕ್ತ ಒಂದು ಗಳಿಗೆ ನಿಲ್ಲಲ್ಲ. ಕೆರೆಯಲ್ಲಿ ಈಜು ಕಲಿತೋನನ್ನ ಹೊಳೆಗೆ ತಳ್ಳಿದ ಹಾಗಾಯ್ತು."

ಅವನು ತಮಾಷೆಗೆ ಹೇಳಿ ಅಂಗಡಿಗೆ ಹೋದ. ಅಕ್ಕನಿಗೆ ಮಾತ್ರ ಆ ಮಾತು ತಲೆಯಿಂದ ಹೋಗಲಿಲ್ಲ. ಮೇಡಂಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಹಿಂದೆ ಮುಂದೆ ನೋಡಿದಳು. ಡಾಕ್ಟರೇಟ್ ಮಾಡಿದವರ ಮುಂದೆ ಪಿಯುಸಿ ಓದಿದವಳು ಬಾಯಿ ತೆರೆಯುವುದೇ? ಮೂರನೆಯ ದಿನ ಧೈರ್ಯ ಮಾಡಿದಳು.

ಮೇಡಂ ಪೆನ್ನು ಕೆಳಗಿಟ್ಟರು. "ಹರಿವಿನಲ್ಲಿ ಈ ಕೋಶಗಳು ಬದಲಾಗ್ತವೆ ಅಂತ ಪುಸ್ತಕದಲ್ಲಿದೆ, ಅಕ್ಕ. ನನಗೆ ಗೊತ್ತಿತ್ತು. ಇನ್ನೂರು ಚಿಪ್ಪು ಪರೀಕ್ಷೆ ಮಾಡೋಕೆ ನಿಂತ ನೀರು ಸುಲಭ ಅಂತ ಹಾಗೇ ಮಾಡಿದೆ. ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡೆ. ನೀವು ಮಾಡಿ ತೋರಿಸ್ತೀರಾ?"

ಕೂದಲೆಳೆಯಷ್ಟು ಸಣ್ಣ ಕಾಲುವೆ ಕೊರೆದ ಗಾಜಿನ ಪಟ್ಟಿಗಳು, ನಾಡಿಯಂತೆ ಮಿಡಿಯುವ ಪುಟ್ಟ ಪಂಪು ತರಿಸಿದರು. ಮೊದಲ ವಾರ ಕೋಶಗಳೆಲ್ಲ ಕೊಚ್ಚಿಹೋದವು. ಎರಡನೆಯ ವಾರ ಅಕ್ಕ ಹರಿವನ್ನು ತಾಸಿಗಿಷ್ಟಿಷ್ಟೇ ಏರಿಸುತ್ತಾ, ಹೊಸ ಸೊಸೆಗೆ ಮನೆ ಒಗ್ಗಿಸುವ ಹಾಗೆ ಒಗ್ಗಿಸಿದಳು. ನಾಲ್ಕನೆಯ ದಿನ ನೋಡಿದರೆ, ಕಲ್ಲು ಹಾಸಿದಂತಿದ್ದ ಕೋಶಗಳು ನೀಳವಾಗಿ, ಹೊಳೆಯ ಮೀನುಗಳ ಹಾಗೆ ಎಲ್ಲವೂ ಹರಿವಿನ ದಿಕ್ಕಿಗೆ ತಿರುಗಿದ್ದವು.

ಇನ್ನೂರು ಚಿಪ್ಪುಗಳನ್ನೂ ಹೊಸದಾಗಿ ಬಿಡಲು ಏಳು ತಿಂಗಳು ಹಿಡಿಯಿತು. ಪಟ್ಟದರಾಣಿ ಹರಿವಿಗೆ ಸಿಕ್ಕು ತೊಳೆದೇ ಹೋಯಿತು. ಎಂದೋ ಕೈಬಿಟ್ಟು ಫ್ರೀಜರಿನ ತಳಕ್ಕೆ ಸೇರಿಸಿದ್ದ ಅರವತ್ತಮೂರನೆಯದು ಗಟ್ಟಿಯಾಗಿ ಅಂಟಿ ನಿಂತಿತು. ಕಾಲುವೆಯ ಉದ್ದಕ್ಕೂ ಹಸಿರು. ಮೇಡಂ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ಮಾರನೆಯ ದಿನದ ಸಭೆಯಲ್ಲಿ ಎಲ್ಲರ ಎದುರು ಎದ್ದು ನಿಂತು, "ನಾಲ್ಕು ವರ್ಷ ನಾನು ನಿಮ್ಮನ್ನೆಲ್ಲ ತಪ್ಪು ಬಾಗಿಲಿಗೆ ಕರಕೊಂಡು ಹೋಗಿದ್ದೆ. ಸರಿಯಾದ ಬಾಗಿಲು ತೋರಿಸಿದ್ದು ಅಕ್ಕ" ಎಂದರು. ಮುಂದೆ ಅಚ್ಚಾದ ಲೇಖನದಲ್ಲಿ ಅಕ್ಕನ ಹೆಸರೇ ಮೊದಲಿತ್ತು. ತಾವು ಸಾಕಿ ಬೆಳೆಸಿದ್ದನ್ನು ಹೀಗೆ ನಗುನಗುತ್ತಾ ಬಿಟ್ಟುಕೊಟ್ಟವರನ್ನು ಅಕ್ಕ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಇಲಿಗಳಲ್ಲೂ ಅರವತ್ತಮೂರು ಗೆದ್ದಿತು. ಮೂಗಿನ, ಶ್ವಾಸಕೋಶದ ಸಣ್ಣ ಸಣ್ಣ ನಾಳಗಳೆಲ್ಲ ಹಸಿರು ಬಲೆಯಂತೆ ಹೊಳೆದವು. ಮುಂದಿನ ಪರೀಕ್ಷೆ, ಅನುಮತಿ ಎಂದು ಐದು ವರ್ಷ ಕಳೆದು, ಕೊನೆಗೆ ಮನುಷ್ಯರಿಗೆ ಕೊಡುವ ದಿನ ಬಂತು. ಮದ್ದು ಒಗ್ಗುತ್ತದೆಯೇ ಎಂದು ನೋಡಲು ತಮ್ಮ ಎಲ್ಲರಿಗಿಂತ ಮೊದಲು ರಕ್ತ ಕೊಟ್ಟು ಬಂದ.

ವರದಿ ಬಂದ ದಿನ ಮೇಡಂ ಫೋನು ಮಾಡಲಿಲ್ಲ. ಅಕ್ಕನನ್ನು ಕರೆದುಕೊಂಡು ತಾವೇ ಅಂಗಡಿಗೆ ಬಂದು, ಗಿರಾಕಿಗಳ ಬೆಂಚಿನಲ್ಲಿ ಸರದಿ ಬರುವವರೆಗೆ ಕೂತರು.

"ನಿಮಗೆ ಕೊಡೋಕಾಗಲ್ಲಪ್ಪ," ಎಂದರು ನೇರವಾಗಿ. "ಇಂಥದ್ದೇ ವೈರಸ್ಸು ಎಂದೋ ನಿಮ್ಮ ಮೈಗೆ ಬಂದು ಹೋಗಿದೆ. ಮೈ ಅದನ್ನ ನೆನಪಿಟ್ಟುಕೊಂಡಿದೆ. ಚಿಪ್ಪು ಒಳಗೆ ಹೋಗೋ ಮೊದಲೇ ಹೊಡೆದುಹಾಕತ್ತೆ."

ತಮ್ಮ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದ. "ಮರೆಗುಳಿ ಅಂತ ನಮ್ಮಮ್ಮ ದಿನಾ ಬೈತಿದ್ಲು. ನೋಡಿ, ನೆನಪಿಡಬಾರದ್ದನ್ನೇ ನೆನಪಿಟ್ಟಿದೀನಿ." ಕತ್ತರಿ ಕೆಳಗಿಟ್ಟು ಕೇಳಿದ, "ನನ್ನ ಮಗಳಿಗೆ? ಅವಳಿಗೂ ಮೂಗು ಸೋರೋಕೆ ಶುರುವಾಗಿದೆ."

"ಅವಳ ರಕ್ತ ನೋಡಬೇಕು. ಆಗತ್ತೆ ಅಂತ ಮಾತು ಕೊಡಲ್ಲ."

"ಮಾತು ಕೊಡ್ದೇ ಇರೋದೇ ನಿಮ್ಮ ದೊಡ್ಡತನ," ಎಂದ ತಮ್ಮ, ಕುರ್ಚಿ ಕೊಡವಿ ಅವರ ಕಡೆ ತಿರುಗಿಸಿದ. "ಬನ್ನಿ, ಇಷ್ಟು ದೂರ ಬಂದಿದೀರಿ, ಕೂದಲು ನೀಟಾಗಿ ಮಾಡಿ ಕಳಿಸ್ತೀನಿ." ಮೇಡಂ ಹೂಂ ಎಂದು ಕೂತೇ ಬಿಟ್ಟರು. ಅಕ್ಕ ಮುಖ ಬೀದಿಯ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಮೊದಲ ಮದ್ದು ಹೋದದ್ದು ಒಬ್ಬ ಬಸ್ ಡ್ರೈವರಿಗೆ. ದಿನಕ್ಕೆರಡು ಸಲ ಸೋರುತ್ತಿದ್ದ ಅವನ ಮೂಗು ಆರು ತಿಂಗಳಲ್ಲಿ ವಾರಕ್ಕೊಮ್ಮೆಗೆ ಇಳಿಯಿತು. ಒಬ್ಬನನ್ನು ನೋಡಿ ಊರಿಗೆಲ್ಲ ಡಂಗುರ ಸಾರಬೇಡಿ ಎಂದು ಮೇಡಂ ಎಲ್ಲರಿಗೂ ತಾಕೀತು ಮಾಡಿದರು. ತಮ್ಮನ ಮಗಳ ರಕ್ತದಲ್ಲಿ ಆ ಹಳೇ ನೆನಪು ಇರಲಿಲ್ಲ. ಹತ್ತೊಂಬತ್ತು ತುಂಬಿದ ಅವಳು ಕಾಗದಗಳನ್ನೆಲ್ಲ ತಾನೇ ಓದಿ, ಅರ್ಥವಾಗದ ಕಡೆ ಗೆರೆ ಹಾಕಿ, "ಅತ್ತೆ, ಇದಕ್ಕೆಲ್ಲ ನೀವು ಉತ್ತರ ಹೇಳಿದ ಮೇಲೇ ಸಹಿ" ಎಂದಳು. ಅತ್ತೆ ಸೊಸೆ ಇಬ್ಬರೂ ಒಂದು ಭಾನುವಾರವಿಡೀ ಕೂತು ಓದಿದರು.

ಸೋಮವಾರ ಅಕ್ಕ ಗಾಜಿನ ಪಟ್ಟಿಗಳಲ್ಲಿ ಹೊಸ ಕೋಶ ಬಿತ್ತಿದಳು. ಈ ಸಲ ಹರಿಯುವ ದ್ರವಕ್ಕೆ ಆ ಹಳೇ ನೆನಪಿರುವ ತಮ್ಮನ ರಕ್ತದ ತಿಳಿಯನ್ನೂ ಬೆರೆಸಿದ್ದಳು. ಅವನ ಮೈ ಗುರುತು ಹಿಡಿಯಲಾರದ ಚಿಪ್ಪೊಂದು ಸಿಗುವುದೇ ಎಂದು ಹುಡುಕಬೇಕಿತ್ತು. ಮೇಡಂ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು, ಮೊದಲನೆಯ ಪಟ್ಟಿಯ ಮೇಲೆ ತಾರೀಖು ಬರೆದರು.