ನಡುವಿನ ಮಶೀನು

ಮೂರನೇ ಸೋಮವಾರಾನೂ ಟೋಕನ್ ತಪ್ಪಿದಾಗ ಭಾಗ್ಯಾಗ ಅಳುನೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಲಘಟಗಿಯ ಕಂಪ್ಯೂಟರ್ ಸೆಂಟರಿನಾಗ ಕುಂತು, ಪರದಿ ಮ್ಯಾಲೆ ಚಕ್ರ ಗರಗರ ತಿರುಗೂದನ್ನ ಸುಮ್ಮನ ನೋಡಿದ್ಲು.

ಮಗಳಿಗೆ ಹುಟ್ಟಿದಾಗಿಂದ ಕಿವಿ ಕೇಳಸೂದಿಲ್ಲ. ಬರೂ ತಿಂಗಳು ಆರು ವರ್ಷ ತುಂಬತಾವ. ಅದರೊಳಗ ಹೆಸರು ಹಚ್ಚಿದ್ರ ಆಪರೇಶನ್ ಪುಕ್ಕಟ, ಆಮ್ಯಾಲೆ ಇಲ್ಲ. ದವಾಖಾನಿಯವರು ಸೋಮವಾರಕ್ಕೊಮ್ಮೆ ಮುಂಜಾನೆ ಹತ್ತಕ್ಕ ಇಂಟರ್‌ನೆಟ್ಟಿನಾಗ ನಲವತ್ತು ಟೋಕನ್ ಬಿಡತಾರ. ಐದು ಮಿನಿಟಿನಾಗ ಖಲಾಸ. ಉಳಿದಿದ್ದು ಇನ್ನೊಂದ ಸೋಮವಾರ.

ಸೆಂಟರ್ ನಡಸೂ ಅಲ್ಲಾವುದ್ದೀನ ಒಳ್ಳೇ ಮನಷ್ಯಾ, ಪಾಪ ಕುಂದರಿಸಿ ತಿಳಿಸಿ ಹೇಳಿದ. ಹುಡುಗೋರು ಇಲ್ಲದ್ದೆಲ್ಲಾ ನೋಡಬಾರದಂತ ಮಾಲಕ ಪ್ರಾಕ್ಸಿ ಅಂತ ಒಂದು ಕಾವಲು ಹಾಕ್ಯಾನ. ಇಲ್ಲಿ ಒತ್ತಿದ್ದು ಸೀದಾ ದವಾಖಾನಿಗೆ ಹೋಗೂದಿಲ್ಲ; ಮೊದಲ ಹುಬ್ಬಳ್ಳ್ಯಾಗಿನ ಮಾಲಕನ ಮಶೀನಿಗೆ ಹೋಗತೈತಿ. ಅದು ನೋಡಿ, ಸರಿ ಅನಿಸಿದ್ರ ಮುಂದ ಕಳಸತೈತಿ. ಉತ್ತರಾನೂ ಅದರ ಕೈ ಹಾಯ್ದ ಬರಬೇಕು. ಹತ್ತು ಸೆಂಟರಿನ ಮಂದಿ ಆ ಒಂದ ಬಾಗಿಲದಾಗ ಪಾಳಿ ಹಚ್ಚಿರತಾರ. ಒಮ್ಮೊಮ್ಮೆ ಆ ಪುಣ್ಯಾತ್ಮ ಹೊಸಾದು ಕೇಳೂದ ಬಿಟ್ಟು, ತಾ ಇಟಗೊಂಡ ಹಳೇ ಉತ್ತರಾನ ಕೊಟ್ಟು ಸಾಗಹಾಕತೈತಿ. ತಗಸೂಣು ಅಂದ್ರ ಅದರ ಕೀಲಿ ಮಾಲಕನ ಕೈಯಾಗ.

"ತಂಗೀ, ನಡುವ ಯಾರೂ ಇಲ್ಲದ ಫೋನ್ ಹಿಡಕೊಂಡು ಮನ್ಯಾಗ ಕುಂದರು," ಅಂದ.

ತಂಬೂರ ಹಳ್ಳ್ಯಾಗಿನ ಅವರ ಮನ್ಯಾಗ ಅಂಥಾ ಫೋನ್ ಇದ್ದದ್ದು ಮಾವ ಹನಮಂತಪ್ಪನ ಹಂತ್ಯಾಕ. ಗಂಡ ಹನುಮೇಶ ಕುರಿ ಹೊಡಕೊಂಡು ನವಲಗುಂದದ ಕಡೆ ಹೋಗಿದ್ದ, ಅವನದು ಬರೇ ಮಾತಾಡೂ ಫೋನು. ವರ್ಷಾನಗಟ್ಟಲೆ ಕುರಿ ಹಿಂದ ಅಡ್ಡಾಡಿದ ಮುದುಕ, ಮೊಣಕಾಲು ಹಿಡಕೊಂಡು, ಹಿಂಡು ಬಿಟ್ಟು ಮನಿಗೆ ಬಂದು ಎರಡು ತಿಂಗಳಾಗಿತ್ತು. ದಿನಾ ಕಟ್ಟಿ ಮ್ಯಾಲೆ ಕುಂತು ಫೋನ್ ನೋಡತಿದ್ದ.

ಆದ್ರ ಆ ಮನ್ಯಾಗ ಸೊಸಿ ಮಾವನ ಕೂಡ ಮಾತಾಡೂದಿಲ್ಲ. ಹಿರ್ಯಾರಿಂದ ಬಂದ ಪದ್ಧತಿ, ಏನ್ ಮಾಡೂದು? ಹೇಳೂದಿದ್ರ ಅತ್ತಿ ಹನಮವ್ವನ ಮುಂದ ಹೇಳಬೇಕು, ಆಕಿ ಮುಟ್ಟಸಬೇಕು. ಹನಮವ್ವ ಅಂದ್ರ ಕೇಳಬ್ಯಾಡ್ರಿ, ಸಂತಿಗೆ ಹೋಗಿ ಬರೂ ಹೊತ್ತಿಗೆ ಹೇಳಿದ ಮಾತ ಮರತಿರತಾಳ. ಮಂಗಳವಾರ ಹೇಳಿದ್ದು ಗುರುವಾರ ಮುಟ್ಟಿತು. ಯಾತಕ್ಕಂತ ಫೋನು ಅಂತ ಮಾವ ಕೇಳಿದ್ದು ಶುಕ್ರವಾರ ಬಂತು. ಭಾಗ್ಯಾ ಎಲ್ಲಾ ಬಿಡಿಸಿ ಹೇಳಿ ಕಳಿಸಿದ್ಲು. ರವಿವಾರ ಮುಳುಗಿದ್ರೂ ಉತ್ತರಿಲ್ಲ.

ಸೋಮವಾರ ಹತ್ತಕ್ಕ ಹತ್ತು ಮಿನಿಟು ಇತ್ತು. ಹನಮವ್ವ ಜ್ವಾಳ ಹೊತ್ತು ಗಿರಣಿಗೆ ಹೋಗಿಬಿಟ್ಟಿದ್ಲು. ಭಾಗ್ಯಾ ಹೊಸ್ತಿಲದಾಗ ನಿಂತ್ಲು. ಅಂಜಿಕಿ ಬರತೈತಿ ಅಂತ ಕಾದ್ಲು, ಅದೂ ಬರಲಿಲ್ಲ.

"ಮಾವಾರ, ಫೋನ್ ಕೊಡ್ರಿ."

ಮದುವ್ಯಾಗಿ ಬಂದ ಏಳು ವರ್ಷದಾಗ ಮೊದಲನೇ ಮಾತು. ಹನಮಂತಪ್ಪ ಹೌಹಾರಿ ಕೊಟ್ಟಬಿಟ್ಟ. ಹತ್ತು ಬಡೀತಿದ್ದಂಗ ಒತ್ತಿದ್ಲು. ಒತ್ತಿದ ಕೂಡಲೇ ತೆರೀತು. ಮಗಳ ಹೆಸರು, ವಯಸ್ಸು, ಬ್ಯಾನಿ ತುಂಬಿದ್ಲು. ಹನ್ನೊಂದನೇ ಟೋಕನ್. ಎರಡು ಮಿನಿಟೂ ಹಿಡೀಲಿಲ್ಲ. ಸಂತೋಷ ಆಗಬೇಕಿತ್ತು, ಆದ್ರ ಆಕಿಗೆ ಏನೂ ಅನಿಸಲಿಲ್ಲ. ಫೋನ್ ಕಟ್ಟಿ ಮ್ಯಾಲೆ ಇಟ್ಲು.

ಮುದುಕ ಚಾಳೀಸ ಮೂಗಿಗೇರಿಸಿ, ಒಂದೊಂದ ಅಕ್ಷರಾ ಹಿಡದು ಓದಿದ. ಭಾಳ ಹೊತ್ತು ಓದಿದ.

"ಇದರಾಗ ಕೂಸಿಗೆ ಹುಟ್ಟಾ ಕಿವಿ ಕೇಳಸೂದಿಲ್ಲ ಅಂತ ಐತೆಲ್ಲಬೇ?"

"ಹೌದ್ರಿ."

"ಕೂಸಿನ ಕಿವಿ ಸೋರತಾವ ಅಂತ ನನಗ ಹೇಳಿದ್ಲು ನಿಮ್ಮತ್ತಿ." ಅವನ ದನಿ ಇಳೀತು. "ಎಷ್ಟ ಕರದ್ರೂ ಹುಡುಗಿ ಹೊಳ್ಳಿ ನೋಡವಲ್ಲಳು, ಸೊಕ್ಕು ಅಂತ ತಿಳದು, ಎರಡ ಸಲ ಬಡದೇನಿ."

ಭಾಗ್ಯಾಗ ಗೊತ್ತಿತ್ತು. ಎರಡೂ ಸಲ ಅಡಿಗಿ ಮನಿ ಬಾಗಿಲದಾಗ ನಿಂತು ನೋಡಿದ್ಲು.

"ಬಡೀಬ್ಯಾಡ್ರಿ ಅಂತ ಅತ್ತ್ಯಾರ ಕೈಲೆ ಹೇಳಿ ಕಳಿಸಿದ್ದೆ ರೀ," ಅಂದ್ಲು.